ಎಲ್ಲಿರ್ತೀರಿ? ಮುಂಬಯಿಯಲ್ಲಿ ಮನೆ, ಕೆಲಸ ಮತ್ತು ನ್ಯಾಯ

ಎಲ್ಲರಿಗೂ ನಮಸ್ಕಾರ. ಇವತ್ತು ಭಾನುವಾರ, ಅದರ ಮೇಲೆ ಹಳಿ ರಿಪೇರಿಗೆ ಲೋಕಲ್ ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಬೇರೆ. ಆದರೂ ಡೊಂಬಿವಲಿ, ವಸಾಯಿ, ಮೀರಾರೋಡ್ ಕಡೆಯಿಂದೆಲ್ಲ ಮಾಟುಂಗಕ್ಕೆ ಬಂದು ಕೂತಿದ್ದೀರಿ. ತುಂಬಾ ಸಂತೋಷ. ನಾನು ಪಾಠ ಮಾಡುವುದು ಮತ್ತು ಓದುವುದು ಎರಡು ವಿಷಯಗಳ ಬಗ್ಗೆ. ಒಂದು, ವಾಸದ ಮನೆಗಳ ಮಾರುಕಟ್ಟೆ. ಇನ್ನೊಂದು, ಕೆಲಸದ ಜಾಗದಲ್ಲಿ ನ್ಯಾಯ. ಇವೆರಡಕ್ಕೂ ಏನು ಸಂಬಂಧ ಅಂತ ಬೇರೆ ಊರಿನಲ್ಲಿ ಕೇಳುತ್ತಾರೆ. ಮುಂಬಯಿಯಲ್ಲಿ ಹಾಗೆ ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ಒಂದು ಪ್ರಶ್ನೆಯಿಂದ ಶುರು ಮಾಡುತ್ತೇನೆ. ಒಬ್ಬ ಮಾಲೀಕ ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಾನೆ. ಕರಾರು ಮುಗಿಯುತ್ತಾ ಬಂದಿದೆ. ಅಷ್ಟರಲ್ಲಿ ಅವನಿಗೆ ಒಂದು ಸುದ್ದಿ ಸಿಗುತ್ತದೆ. ಬಾಡಿಗೆದಾರನಿಗೆ ಆ ಮನೆಯ ಹತ್ತಿರದಲ್ಲೇ ಹೊಸ ಕೆಲಸ ಸಿಕ್ಕಿದೆ. ಇನ್ನು ಇವನು ಮನೆ ಬಿಡುವುದಿಲ್ಲ ಅಂತ ಮಾಲೀಕನಿಗೆ ಖಾತ್ರಿಯಾಗುತ್ತದೆ. ಮೊದಲು ಅಂದುಕೊಂಡಿದ್ದಕ್ಕಿಂತ ತಿಂಗಳಿಗೆ 40 ಡಾಲರ್ ಜಾಸ್ತಿ ಬಾಡಿಗೆ ಹೇಳುತ್ತಾನೆ. ಇದು ಸರಿಯೇ? ಸರಿ ಅನ್ನುವವರು ಕೈ ಎತ್ತಿ.

ಮೂರು ಕೈ ಕಾಣುತ್ತಿವೆ. ಈ ಪ್ರಶ್ನೆಯನ್ನು ಡೇನಿಯಲ್ ಕಾಹ್ನೆಮನ್, ಜಾಕ್ ನೆಚ್, ರಿಚರ್ಡ್ ಥೇಲರ್ ಎಂಬ ಮೂವರು ಕೆನಡಾದ ಟೊರಾಂಟೊ ಮತ್ತು ವ್ಯಾಂಕೂವರ್ ಜನರಿಗೆ ಫೋನ್ ಮಾಡಿ ಕೇಳಿದ್ದರು. 1986ರಲ್ಲಿ ಅದನ್ನು ಪ್ರಕಟಿಸಿದರು. ಮುಂದೆ ಇವರಲ್ಲಿ ಇಬ್ಬರಿಗೆ ನೊಬೆಲ್ ಬಂತು, ಕಾಹ್ನೆಮನ್‌ಗೆ 2002ರಲ್ಲಿ, ಥೇಲರ್‌ಗೆ 2017ರಲ್ಲಿ. ಆ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಶೇಕಡಾ 91 ಮಂದಿ ಇದು ಅನ್ಯಾಯ ಅಂದರು.

ಅವರದೇ ಇನ್ನೊಂದು ಪ್ರಶ್ನೆ ಕೇಳಿ. ಒಂದು ಸಣ್ಣ ಜೆರಾಕ್ಸ್ ಅಂಗಡಿ. ಒಬ್ಬನೇ ಕೆಲಸಗಾರ. ಆರು ತಿಂಗಳಿಂದ ಗಂಟೆಗೆ 9 ಡಾಲರ್ ಸಂಬಳ. ವ್ಯಾಪಾರ ಚೆನ್ನಾಗಿಯೇ ಇದೆ. ಆದರೆ ಆ ಊರಿನಲ್ಲಿ ಒಂದು ಫ್ಯಾಕ್ಟರಿ ಮುಚ್ಚಿ, ಕೆಲಸ ಇಲ್ಲದವರು ಜಾಸ್ತಿಯಾಗಿದ್ದಾರೆ. ಅಕ್ಕಪಕ್ಕದ ಅಂಗಡಿಯವರಿಗೆ 7 ಡಾಲರ್‌ಗೇ ಒಳ್ಳೆಯ ಹುಡುಗರು ಸಿಗುತ್ತಿದ್ದಾರೆ. ಮಾಲೀಕ ತನ್ನ ಹುಡುಗನ ಸಂಬಳವನ್ನೂ 7ಕ್ಕೆ ಇಳಿಸುತ್ತಾನೆ. ಶೇಕಡಾ 83 ಮಂದಿ ಅನ್ಯಾಯ ಅಂದರು. ಆದರೆ ಹಳೆ ಹುಡುಗ ತಾನಾಗಿ ಬಿಟ್ಟು ಹೋಗಿ, ಹೊಸಬನನ್ನು 7 ಡಾಲರ್‌ಗೆ ಸೇರಿಸಿಕೊಂಡರೆ? ಅದಕ್ಕೆ ಶೇಕಡಾ 73 ಮಂದಿ ಪರವಾಗಿಲ್ಲ ಅಂದರು.

ನೋಡಿ, ಎರಡನೆಯ ಸಂದರ್ಭದಲ್ಲೂ ಅಂಗಡಿಯವನು ಕೊಡುವುದು ಅದೇ 7 ಡಾಲರ್. ಹಾಗಾದರೆ ಜನ ತೂಗುವುದು ಬರೀ ಮೊತ್ತವನ್ನಲ್ಲ. ಬಾಡಿಗೆ ಏರಬಹುದು, ಸಂಬಳ ಕಡಿಮೆ ಇರಬಹುದು, ಅದನ್ನು ಜನ ಹೇಗೋ ಸಹಿಸುತ್ತಾರೆ. ಆದರೆ ಒಬ್ಬನಿಗೆ ಬಿಟ್ಟು ಹೋಗಲು ಆಗುವುದಿಲ್ಲ ಅಂತ ಗೊತ್ತಾದ ಮೇಲೆ ಅವನನ್ನು ಹಿಂಡಿದರೆ ಸಹಿಸುವುದಿಲ್ಲ. ಮನೆಯ ವಿಷಯದಲ್ಲೂ ಅದೇ ಲೆಕ್ಕ, ಕೆಲಸದ ವಿಷಯದಲ್ಲೂ ಅದೇ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಮುಂಬಯಿಯಲ್ಲಿ ಮನೆ ನಮ್ಮನ್ನು ಕೆಲಸಕ್ಕೆ ಕಟ್ಟಿಹಾಕುತ್ತದೆ, ಕೆಲಸ ಮನೆಗೆ ಕಟ್ಟಿಹಾಕುತ್ತದೆ. ಹೀಗೆ ಕಟ್ಟಿಬಿದ್ದವರನ್ನು ಎರಡೂ ಕಡೆಯಿಂದ ಹಿಂಡಲು ಸುಲಭ. ಆದ್ದರಿಂದ ಒಂದು ಆಫೀಸು ನ್ಯಾಯವಾಗಿದೆಯೋ ಇಲ್ಲವೋ ಅಂತ ಅಳೆಯಬೇಕಾದರೆ, ಅಲ್ಲಿಯ ಸಂಬಳದ ಪಟ್ಟಿ ಮಾತ್ರ ನೋಡಿದರೆ ಸಾಲದು. ಅಲ್ಲಿ ದುಡಿಯುವವರು ರಾತ್ರಿ ಎಲ್ಲಿ ಮಲಗುತ್ತಾರೆ ಅಂತಲೂ ನೋಡಬೇಕು.

ಈ ಮಾತು ನನಗೆ ಮೊದಲು ಗೊತ್ತಾಗಿದ್ದು ಅಪ್ಪಯ್ಯನಿಂದ. ಅವರು ಕುಂದಾಪುರದ ಕಡೆಯಿಂದ ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದವರು. ಹೋಟೆಲಿನಲ್ಲಿ ಟೇಬಲ್ ಒರೆಸುವ ಕೆಲಸ. ಸಂಬಳ ಅಂತ ಕೈಗೆ ಬರುತ್ತಿದ್ದುದು ತೀರಾ ಕಡಿಮೆ. ಊಟ, ತಿಂಡಿ, ಮಲಗಲು ಜಾಗ ಹೋಟೆಲಿನದೇ. ಅಡುಗೆಮನೆಯ ಮೇಲೊಂದು ಅಟ್ಟ, ಅದರಲ್ಲಿ ಒಂಬತ್ತು ಮಂದಿ. ಬೇಸಿಗೆಯಲ್ಲಿ ಕೆಳಗಿನ ಒಲೆಯ ಶಾಖ ತಾಳಲಾರದೆ ಟೇಬಲ್ ಮೇಲೆ ಮಲಗುತ್ತಿದ್ದರಂತೆ. ಸಂಜೆ ಕೆಲಸ ಮುಗಿಸಿ ರಾತ್ರಿ ಶಾಲೆಗೆ ಹೋಗುತ್ತಿದ್ದರು. ಈ ನಗರದ ಕನ್ನಡ ರಾತ್ರಿ ಶಾಲೆಗಳು ಅವರಂಥ ಎಷ್ಟು ಸಾವಿರ ಹುಡುಗರಿಗೆ ಅಕ್ಷರ ಕೊಟ್ಟವು ಅನ್ನುವುದನ್ನು ಇಲ್ಲಿ ಕೂತಿರುವ ಹಿರಿಯರಿಗೆ ನಾನು ಹೇಳಬೇಕಾಗಿಲ್ಲ.

ಒಂದು ದಿನ ಪರೀಕ್ಷೆ ಇತ್ತು. ಅಪ್ಪಯ್ಯ ಒಂದು ಗಂಟೆ ಮುಂಚೆ ಬಿಡಿ ಅಂತ ಕೇಳಿದರು. ಧಣಿ ಬೇಡ ಅಂದರು. ಇವರು ಹೋದರು. ವಾಪಸ್ ಬಂದಾಗ ಟ್ರಂಕು ಹೊರಗಿತ್ತು. ಕೆಲಸ ಹೋಗಿತ್ತು, ಅದರ ಜೊತೆಗೆ ಮಲಗುವ ಜಾಗವೂ ಹೋಗಿತ್ತು. ಆ ರಾತ್ರಿ ದಾದರ್ ಸ್ಟೇಷನ್ನಿನಲ್ಲಿ ಕಳೆದರಂತೆ. 'ಕೆಲಸ ಹೋದದ್ದಕ್ಕೆ ಹೆದರಿಕೆ ಆಗಲಿಲ್ಲ ಮಗಾ, ರಾತ್ರಿ ಆಯ್ತಲ್ಲ ಅಂತ ಹೆದರಿಕೆ ಆಯ್ತು' ಅಂತ ಹೇಳುತ್ತಿದ್ದರು. ಒಬ್ಬನೇ ಯಜಮಾನ ಅನ್ನವನ್ನೂ ಸೂರನ್ನೂ ಕೊಟ್ಟರೆ, ಅವನ ಜೊತೆ 'ಇಲ್ಲ' ಅಂತ ವಾದ ಮಾಡಲು ಆಗುವುದಿಲ್ಲ. ಅಲ್ಲಿ ಸಂಬಳದ ಚೌಕಾಸಿ ಶುರುವಾಗುವ ಮುಂಚೆಯೇ ಮುಗಿದಿರುತ್ತದೆ. ಈಗಲೂ ಇದು ಹಳೆ ಕಥೆ ಆಗಿಲ್ಲ. ಸೈಟಿನಲ್ಲಿ ತಗಡಿನ ಶೆಡ್ಡಿನಲ್ಲಿರುವ ಕಟ್ಟಡ ಕಾರ್ಮಿಕರು, ಸೊಸೈಟಿಯ ಮೀಟರ್ ರೂಮಿನಲ್ಲಿ ಮಲಗುವ ವಾಚ್‌ಮನ್, ಮನೆಯಲ್ಲೇ ಇದ್ದು ಕೆಲಸ ಮಾಡುವ ಹೆಣ್ಣುಮಕ್ಕಳು. ಕೆಲಸ ಬಿಡಬೇಕು ಅಂದರೆ ಅವರು ಮೊದಲು ಬೇರೆ ಸೂರು ಹುಡುಕಬೇಕು.

ಮುಂಬಯಿಯ ಬಟ್ಟೆ ಗಿರಣಿಗಳ ಪ್ರದೇಶವಾದ ಗಿರಣಗಾಂವ್‌ನ ಕಥೆ ಇದಕ್ಕಿಂತ ಸ್ವಲ್ಪ ಬೇರೆ. ಪರೇಲ್, ಲಾಲ್‌ಬಾಗ್, ವರ್ಲಿ ಕಡೆ ಗಿರಣಿಯೂ ಕಾರ್ಮಿಕರ ವಠಾರಗಳಾದ ಚಾಳೂ ಅಕ್ಕಪಕ್ಕ. ಭೋಂಗಾ, ಅಂದರೆ ಗಿರಣಿಯ ಸೈರನ್, ಕೂಗಿದರೆ ಎದ್ದು ನಡೆದುಕೊಂಡು ಹೋಗಿ ಪಾಳಿಗೆ ನಿಲ್ಲಬಹುದಿತ್ತು. 1920ರ ದಶಕದಲ್ಲಿ ಸರಕಾರವೇ ಕಟ್ಟಿಸಿದ ಬಿಡಿಡಿ ಚಾಳುಗಳು ವರ್ಲಿ, ನಾಯಗಾಂವ್, ಲೋವರ್ ಪರೇಲ್, ಶಿವಡಿಗಳಲ್ಲಿ ಎದ್ದವು. ಒಟ್ಟು 207 ಕಟ್ಟಡ. ಒಂದೊಂದು ಖೋಲಿ 160 ಚದರ ಅಡಿ. ಇಕ್ಕಟ್ಟು ಹೌದು. ಆದರೆ ಅಲ್ಲಿ ಸೂರು ಗಿರಣಿ ಮಾಲೀಕನ ಕೈಯಲ್ಲಿ ಇರಲಿಲ್ಲ. ಅದರ ಮೇಲೆ 1947ರ ಬಾಡಿಗೆ ಕಾಯ್ದೆ ಬಂತು. ಬಹುಪಾಲು ಹಳೆ ಮನೆಗಳ ಬಾಡಿಗೆ 1940ರ ಮಟ್ಟದಲ್ಲೇ ನಿಂತಿತು. 1982ರ ಜನವರಿ 18ರಂದು ದತ್ತಾ ಸಾಮಂತರ ಮುಂದಾಳತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಒಂದು ವರ್ಷಕ್ಕೂ ಮೀರಿ ಸಂಬಳ ಇಲ್ಲದೆ ನಿಂತರು. ಅಷ್ಟು ದಿನ ನಿಲ್ಲಲು ಊರಿನ ಗದ್ದೆ, ಹೆಂಗಸರ ದುಡಿಮೆ, ಸಾಲ ಎಲ್ಲವೂ ಆಧಾರವಾದವು. ಆದರೆ ಕಡಿಮೆ ಬಾಡಿಗೆಯ ಆ ಖೋಲಿ ಇಲ್ಲದಿದ್ದರೆ ಆಗುತ್ತಿರಲಿಲ್ಲ ಅಂತ ನನಗೆ ಬಲವಾಗಿ ಅನಿಸುತ್ತದೆ. ಅಪ್ಪಯ್ಯ ಅಟ್ಟದ ಕೆಳಗೆ ನಿಂತು ಒಂದು ದಿನವೂ ಮುಷ್ಕರ ಮಾಡಲಾರದವರಾಗಿದ್ದರು.

ಬಾಡಿಗೆ ಕಾಯ್ದೆಯಿಂದ ಕೆಟ್ಟದ್ದೂ ಆಯಿತು. ಅದನ್ನು ಮುಚ್ಚಿಡಬಾರದು. ಬಾಡಿಗೆ ಬರದ ಕಟ್ಟಡವನ್ನು ಮಾಲೀಕರು ರಿಪೇರಿ ಮಾಡಿಸಲಿಲ್ಲ. ಬಾಡಿಗೆಗೆ ಅಂತಲೇ ಹೊಸ ಮನೆ ಕಟ್ಟುವುದು ನಿಂತಿತು. ಪಗಡಿ, ಅಂದರೆ ಬಾಡಿಗೆ ಮನೆ ಕೈಗೆ ಸಿಗಲು ಮೊದಲೇ ಕೊಡಬೇಕಾದ ದೊಡ್ಡ ಮೊತ್ತ, ಬೆಳೆಯಿತು. ಅಗ್ಗದ ಖೋಲಿ ಕೈಬಿಟ್ಟರೆ ಮತ್ತೆ ಸಿಗುವುದಿಲ್ಲ ಅಂತ ಎಷ್ಟೋ ಮಂದಿ ದೂರದ ಒಳ್ಳೆಯ ಕೆಲಸವನ್ನು ಬಿಟ್ಟುಕೊಟ್ಟರು. ಅದೂ ಒಂದು ಥರದ ಕಟ್ಟು.

ಮುಷ್ಕರ ಸೋತಿತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಗಿರಣಿ ಜಮೀನನ್ನು ಬೇರೆ ಕಟ್ಟಡಕ್ಕೆ ಬಳಸುವ ಬಗ್ಗೆ 1991ರ ನಿಯಮ, ಆಮೇಲೆ 2001ರ ತಿದ್ದುಪಡಿ ಬಂದ ಮೇಲೆ ಆ ಜಮೀನಿನಲ್ಲಿ ಮಾಲ್, ಟವರ್, ಕಾರ್ಪೊರೇಟ್ ಆಫೀಸು ಎದ್ದವು. ಈಗ ಅಲ್ಲಿ ಮತ್ತೆ ಸಾವಿರಾರು ಕೆಲಸಗಳಿವೆ. ಆದರೆ ಆ ಕೆಲಸ ಮಾಡುವ ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಬಿಲ್ಲಿಂಗ್ ಕೌಂಟರಿನ ಹುಡುಗಿಯರು ವಿರಾರ್, ನಾಲಾಸೋಪಾರ, ಬದಲಾಪುರದಿಂದ ಬರುತ್ತಾರೆ. ಕೆಲಸ ಅದೇ ಜಾಗಕ್ಕೆ ವಾಪಸ್ ಬಂತು, ಮನೆ ಐವತ್ತು ಕಿಲೋಮೀಟರ್ ಆಚೆ ಹೋಯಿತು.

ದೂರ ಅಂದರೆ ಏನು ಅಂತ ಅಳೆದ ಒಂದು ಅಧ್ಯಯನ ನನಗೆ ತುಂಬಾ ಮುಖ್ಯ ಅನಿಸುತ್ತದೆ. 1987ರಲ್ಲಿ ಅಹಮದಾಬಾದಿನಲ್ಲಿ ಬೀಡಿ ಕಟ್ಟುವ ಹೆಂಗಸರಿಗಾಗಿ ಒಂದು ಮನೆ ಲಾಟರಿ ನಡೆಯಿತು. 497 ಮಂದಿಯಲ್ಲಿ 110 ಮಂದಿಗೆ ಅದೃಷ್ಟ ಒಲಿಯಿತು. ಮನೆ ಚೆನ್ನಾಗಿತ್ತು, ಅವರಿದ್ದ ಝೋಪಡಿಗಿಂತ ಎಷ್ಟೋ ಮೇಲು. ಆದರೆ ಊರಿನಿಂದ ಸುಮಾರು 12 ಕಿಲೋಮೀಟರ್ ಆಚೆ. ಹದಿನಾಲ್ಕು ವರ್ಷ ಕಳೆದ ಮೇಲೆ ಆ ಕುಟುಂಬಗಳು ಹೇಗಿವೆ ಅಂತ ಶ್ಯಾರನ್ ಬಾರ್ನ್‌ಹಾರ್ಟ್, ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಲೆಕ್ಕ ಹಾಕಿದರು. ಗೆದ್ದವರಲ್ಲಿ ಶೇಕಡಾ 34 ಮಂದಿ ಆ ಮನೆಗೆ ಹೋಗಲೇ ಇಲ್ಲ. ಇನ್ನೂ ಶೇಕಡಾ 32 ಮಂದಿ ಹೋಗಿ, ಬಿಟ್ಟು ಬಂದರು. ಗೆದ್ದವರ ಆದಾಯ ಸೋತವರಿಗಿಂತ ಜಾಸ್ತಿ ಆಗಿರಲಿಲ್ಲ. ಮಕ್ಕಳ ಓದಿನಲ್ಲೂ ವ್ಯತ್ಯಾಸ ಇರಲಿಲ್ಲ. ಕಷ್ಟಕ್ಕೆ ಕೈಗಡ ಕೊಡುವ ನೆಂಟರು, ನೆರೆಯವರು ಮಾತ್ರ ದೂರವಾಗಿದ್ದರು.

ಸುಮ್ನೆ ಯೋಚಿಸಿ. ಪಕ್ಕಾ ಮನೆ ಸಿಕ್ಕರೂ ಮೂವರಲ್ಲಿ ಇಬ್ಬರು ಅದನ್ನು ಬೇಡ ಅಂದರು. ನಮ್ಮ ಅಧಿಕಾರಿಗಳು ಇಂಥದ್ದನ್ನು ಕಂಡಾಗ 'ಈ ಜನಕ್ಕೆ ಕೊಟ್ಟರೂ ಬೇಡ' ಅಂತ ಬಯ್ಯುತ್ತಾರೆ. ಆ ಹೆಂಗಸರು ಲೆಕ್ಕ ತಪ್ಪಿದವರಲ್ಲ. ಬೀಡಿ ಎಲೆ ತರುವುದು, ಕಟ್ಟಿದ್ದನ್ನು ಒಪ್ಪಿಸುವುದು, ಮಗುವನ್ನು ಅತ್ತೆಯ ಹತ್ತಿರ ಬಿಡುವುದು, ಇಷ್ಟನ್ನೂ ಸೇರಿಸಿ ಲೆಕ್ಕ ಹಾಕಿದರು. ಗೋಡೆ ಮಾತ್ರ ನೋಡಿ ಬೆಲೆ ಕಟ್ಟಿದ್ದು ನಾವು.

ಇದರ ಪಕ್ಕದಲ್ಲಿ ನಮ್ಮ ಮ್ಹಾಡಾ, ಅಂದರೆ ಮಹಾರಾಷ್ಟ್ರ ಸರಕಾರದ ಗೃಹನಿರ್ಮಾಣ ಸಂಸ್ಥೆ, ನಡೆಸುವ ಮನೆ ಲಾಟರಿಯನ್ನು ಇಡಿ. ಅದರಲ್ಲಿ ಗೆದ್ದವರನ್ನೂ ಸೋತವರನ್ನೂ ತನು ಕುಮಾರ್ ಎಂಬ ಸಂಶೋಧಕಿ ಹೋಲಿಸಿ ನೋಡಿದ್ದಾರೆ. ಇಲ್ಲಿ ಗೆದ್ದ ಕುಟುಂಬಗಳಲ್ಲಿ ಓದು, ಉದ್ಯೋಗ ಎರಡೂ ಮೇಲೆ ಹೋಗಿದ್ದವು. ಯಾಕೆ ಈ ವ್ಯತ್ಯಾಸ? ಕಾರಣ ಹಲವು ಇರಬಹುದು. ನನಗೆ ಮುಖ್ಯವಾಗಿ ಕಾಣುವುದು ಒಂದು. ಮ್ಹಾಡಾ ಮನೆ ಗೆದ್ದವರು ಅಲ್ಲಿಗೆ ಹೋಗಲೇಬೇಕು ಅಂತ ಇರಲಿಲ್ಲ. ಬಾಡಿಗೆಗೆ ಕೊಟ್ಟು ತಾವು ಕೆಲಸಕ್ಕೆ ಹತ್ತಿರವಾದ ಹಳೆ ಜಾಗದಲ್ಲೇ ಇರಬಹುದಿತ್ತು. ಆಸ್ತಿ ಸಿಕ್ಕಿತು, ಕಟ್ಟು ಬೀಳಲಿಲ್ಲ.

2012ರಲ್ಲಿ ಕೇಂದ್ರ ಸರಕಾರದ ತಜ್ಞರ ಸಮಿತಿ ದೇಶದ ನಗರಗಳಲ್ಲಿ 1.88 ಕೋಟಿ ಮನೆಗಳ ಕೊರತೆ ಇದೆ ಅಂತ ಹೇಳಿತು. ಅದರಲ್ಲಿ ಶೇಕಡಾ 95ಕ್ಕೂ ಜಾಸ್ತಿ ಬಡವರು ಮತ್ತು ಕಡಿಮೆ ಆದಾಯದವರಿಗೆ ಬೇಕಾದ ಮನೆಗಳು. ಅದಕ್ಕೆ ಹಿಂದಿನ ವರ್ಷದ ಜನಗಣತಿಯಲ್ಲಿ ನಗರಗಳಲ್ಲಿ ಖಾಲಿ ಬಿದ್ದಿದ್ದ ಮನೆಗಳು 1.1 ಕೋಟಿ. ಎರಡೂ ಲೆಕ್ಕ ನಿಜ. ಖಾಲಿ ಮನೆಗಳಲ್ಲಿ ಎಷ್ಟೋ ಕೊಳ್ಳುವವರ ಕೈಗೆ ಎಟುಕದವು, ಎಷ್ಟೋ ಕೆಲಸದಿಂದ ತುಂಬಾ ದೂರದವು.

ಈಗ ಆಫೀಸಿನೊಳಗೆ ಬರೋಣ. ಇಂಟರ್‌ವ್ಯೂಗಳಲ್ಲಿ ಕೇಳುವ ಮೊದಲ ಪ್ರಶ್ನೆ ಯಾವುದು? 'ಎಲ್ಲಿರ್ತೀರಿ?' ಅಲ್ವಾ? ಮಾತು ಬೆಳೆಸಲು ಕೇಳುತ್ತಾರೆ ಅಂತ ನಾವು ಅಂದುಕೊಳ್ಳುತ್ತೇವೆ. ಡೇವಿಡ್ ಫಿಲಿಪ್ಸ್ ಎಂಬ ಅರ್ಥಶಾಸ್ತ್ರಜ್ಞ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಒಂದು ಪ್ರಯೋಗ ಮಾಡಿದರು. ಕಡಿಮೆ ಸಂಬಳದ ಕೆಲಸಗಳಿಗೆ ಕಲ್ಪಿತ ಅರ್ಜಿಗಳನ್ನು ಕಳಿಸಿದರು. ವಿಳಾಸ ಮಾತ್ರ ಬೇರೆ ಬೇರೆ. ಎಂಟು-ಹತ್ತು ಕಿಲೋಮೀಟರ್ ಆಚೆಯ ವಿಳಾಸ ಹಾಕಿದ ಅರ್ಜಿಗಳಿಗೆ ಶೇಕಡಾ 14ರಷ್ಟು ಕಡಿಮೆ ಕರೆ ಬಂದವು. ಆ ಬಡಾವಣೆ ಶ್ರೀಮಂತರದೋ ಬಡವರದೋ ಅನ್ನುವುದರಿಂದ ವ್ಯತ್ಯಾಸ ಆಗಲಿಲ್ಲ, ದೂರದಿಂದಲೇ ಆಯಿತು. ಹತ್ತು ಕಿಲೋಮೀಟರಿಗೆ ಅಲ್ಲಿ ಹೀಗೆ. ಅಂಬರನಾಥದಿಂದ ಫೋರ್ಟ್‌ಗೆ ಅರವತ್ತು ಕಿಲೋಮೀಟರ್ ಆಗುತ್ತದೆ.

ಕೆಲಸ ಸಿಕ್ಕಿದ ಮೇಲೆ ಲೇಟ್ ಮಾರ್ಕ್. ಪಾಠ ಮಾಡಲು ಬರುವ ಮುಂಚೆ ನಾನು ನಾಲ್ಕು ವರ್ಷ ಫೋರ್ಟ್‌ನ ಒಂದು ಆಫೀಸಿನಲ್ಲಿ ಇದ್ದೆ. ಆಗ ನಮ್ಮ ಮನೆ ಡೊಂಬಿವಲಿಯಲ್ಲಿ. 7.50ರ ಫಾಸ್ಟ್ ಸಿಕ್ಕರೆ ಸರಿ, ತಪ್ಪಿದರೆ ಆ ದಿನ ಲೇಟ್. ಮೂರು ಲೇಟ್ ಮಾರ್ಕಿಗೆ ಒಂದು ಸಿಎಲ್, ಅಂದರೆ ಒಂದು ದಿನದ ಕ್ಯಾಶುವಲ್ ರಜೆ, ಕಟ್. ಮಳೆಗಾಲದಲ್ಲಿ ನನ್ನ ಸಿಎಲ್ ಎಲ್ಲ ಹಳಿಯ ಮೇಲಿನ ನೀರಿಗೇ ಹೋಯಿತು. ನನ್ನ ಪಕ್ಕದ ಟೇಬಲಿನವರಿಗೆ ಕುಲಾಬಾದಲ್ಲಿ ಕಂಪನಿ ಕ್ವಾರ್ಟರ್ಸ್ ಇತ್ತು. ಅವರು ಒಳ್ಳೆಯವರು, ಅವರ ಮೇಲೆ ನನಗೆ ದೂರಿಲ್ಲ. ವರ್ಷದ ಕೊನೆಗೆ ಅವರಿಗೆ ಹಾಜರಿಗೆಂದು ಬಹುಮಾನ ಬಂತು. ನನ್ನ ರಿಪೋರ್ಟಿನಲ್ಲಿ 'ಸಮಯಪಾಲನೆ ಸುಧಾರಿಸಬೇಕು' ಅಂತ ಬರೆದಿದ್ದರು. ಆ ವರ್ಷ ನಾನು ದಿನಕ್ಕೆ ಮೂರು ಗಂಟೆ ಗಾಡಿಯಲ್ಲಿ ನಿಂತು ಬಂದಿದ್ದೆ. ಅದರ ಲೆಕ್ಕ ಯಾವ ಕಾಗದದಲ್ಲೂ ಇರಲಿಲ್ಲ. ನಿಯಮ ಇಬ್ಬರಿಗೂ ಒಂದೇ. ಆದರೂ ನ್ಯಾಯ ಆಯಿತು ಅಂತ ನನಗೆ ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ.

ಮನೆಯ ಬೆಲೆಯನ್ನು ಬಿಡಿಸಿ ನೋಡುವ ಒಂದು ವಿಧಾನ ನಮ್ಮಲ್ಲಿದೆ. ಶರ್ವಿನ್ ರೋಸೆನ್ 1974ರಲ್ಲಿ ಅದಕ್ಕೆ ಗಟ್ಟಿ ತಳಪಾಯ ಹಾಕಿದರು. ಒಂದು ಮನೆಯ ಬೆಲೆ ಅಂದರೆ ಹಲವು ಸಣ್ಣ ಬೆಲೆಗಳ ಕಂತೆ. ಎಷ್ಟನೇ ಮಹಡಿ, ಲಿಫ್ಟ್ ಇದೆಯೋ, ನೀರು ಎಷ್ಟು ಹೊತ್ತು, ಸ್ಟೇಷನ್ ಎಷ್ಟು ದೂರ. ಪ್ರತಿಯೊಂದಕ್ಕೂ ಎಷ್ಟು ದುಡ್ಡು ಅಂತ ಬಿಡಿಸಬಹುದು. 'ಸ್ಟೇಷನ್ನಿಗೆ ಐದು ನಿಮಿಷ' ಅಂತ ಬ್ರೋಕರ್ ಹೇಳಿ ಜಾಸ್ತಿ ಕೇಳುತ್ತಾನಲ್ಲ, ಆ ದುಡ್ಡಿನಲ್ಲಿ ನಮ್ಮ ಲೇಟ್ ಮಾರ್ಕಿನ ಬೆಲೆಯೂ ಸೇರಿದೆ. ಆಫೀಸು ಹತ್ತು ನಿಮಿಷದ ಸಡಿಲ ಕೊಟ್ಟರೆ ಒಬ್ಬ ಗುಮಾಸ್ತನ ಬಾಡಿಗೆ ಕಡಿಮೆಯಾಗಬಹುದು. ಇದು ಎಚ್‌ಆರ್‌ನವರಿಗೆ ಹೊಳೆಯುವುದಿಲ್ಲ, ಮನೆ ಹುಡುಕುವ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು.

ತೆರಿಗೆಯ ಹಳೆ ಪದ್ಧತಿಯಲ್ಲಿ ಮನೆ ಬಾಡಿಗೆ ಭತ್ಯೆಗೆ ವಿನಾಯಿತಿ ಇದೆ. ಮನೆ ಮುಂಬಯಿಯಲ್ಲಿದ್ದರೆ ಮಿತಿ ಸಂಬಳದ ಶೇಕಡಾ 50. ಡೊಂಬಿವಲಿಯಲ್ಲಿದ್ದರೆ ಶೇಕಡಾ 40. ಬಾಡಿಗೆ ಅಲ್ಲಿ ಕಡಿಮೆ, ಒಪ್ಪುತ್ತೇನೆ. ಆ ಕಡಿಮೆ ಬಾಡಿಗೆಯ ಉಳಿದ ಭಾಗವನ್ನು ನಾವು ಗಂಟೆಗಳಲ್ಲಿ ಕಟ್ಟುತ್ತೇವೆ. ಗಂಟೆಗೆ ಯಾರೂ ರಸೀದಿ ಕೊಡುವುದಿಲ್ಲ.

ಇನ್ನು ಬೆಲೆ ಹೇಳುವ ವಿಷಯ. 1987ರಲ್ಲಿ ಗ್ರೆಗರಿ ನಾರ್ತ್‌ಕ್ರಾಫ್ಟ್ ಮತ್ತು ಮಾರ್ಗರೆಟ್ ನೀಲ್ ಅಮೆರಿಕದ ಟುಸಾನ್ ಎಂಬ ಊರಿನಲ್ಲಿ ನಿಜವಾದ ಮನೆಗಳನ್ನು ನಿಜವಾದ ಏಜೆಂಟರಿಗೆ ತೋರಿಸಿದರು. ಮನೆಯ ಎಲ್ಲ ವಿವರ ಕೈಗೆ ಕೊಟ್ಟರು. ಮಾರುವವರು ಕೇಳುವ ಬೆಲೆಯನ್ನು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಬರೆದುಕೊಟ್ಟರು. ಈ ಮನೆಗೆ ನಿಜವಾಗಿ ಎಷ್ಟು ಬೆಲೆ ಅಂತ ಕೇಳಿದರು. ಹೆಚ್ಚಿನ ಅಂಕಿ ನೋಡಿದವರು ಹೆಚ್ಚು ಹೇಳಿದರು, ಕಡಿಮೆ ನೋಡಿದವರು ಕಡಿಮೆ ಹೇಳಿದರು. ವರ್ಷಗಟ್ಟಲೆ ಇದೇ ಕಸುಬು ಮಾಡಿದವರು! ಕೇಳಿದರೆ, ಆ ಅಂಕಿಯನ್ನು ನಾವು ಗಮನಕ್ಕೇ ತೆಗೆದುಕೊಂಡಿಲ್ಲ ಅಂತ ಅವರಲ್ಲಿ ಹೆಚ್ಚಿನವರು ಅಂದರು.

ನಿಮ್ಮ ಆಫೀಸಿನಲ್ಲಿ ಈ ಅಂಕಿ ಯಾವುದು ಹೇಳಿ? 'ಹಳೆ ಕೆಲಸದಲ್ಲಿ ಸಂಬಳ ಎಷ್ಟಿತ್ತು?' ಒಮ್ಮೆ ಕಡಿಮೆ ಸಂಬಳಕ್ಕೆ ಸೇರಿದವರು, ಹೆರಿಗೆಗೆ ಅಂತ ಎರಡು ವರ್ಷ ಬಿಟ್ಟು ಮತ್ತೆ ಸಣ್ಣದರಿಂದ ಶುರು ಮಾಡಿದವರು, ಆ ಅಂಕಿಯನ್ನು ಜೀವನವಿಡೀ ಹೊತ್ತು ತಿರುಗಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲಿ ಒಂದು ಕಾನೂನು ಮಾಡಿತು. ಸಂಬಳ ಗೊತ್ತು ಮಾಡುವ ಮುಂಚೆ ಹಳೆ ಸಂಬಳ ಕೇಳಬಾರದು ಅಂತ. 2018ರ ಜುಲೈಯಿಂದ ಅದು ಜಾರಿಯಲ್ಲಿದೆ. ನಮ್ಮಲ್ಲೂ ಇದು ಬರಬೇಕು ಅಂತ ನನ್ನ ಆಸೆ.

ನಮ್ಮಲ್ಲಿ ಮನೆಯ ವಿಷಯದಲ್ಲಿ ಆಗಿರುವ ಒಂದು ಒಳ್ಳೆಯ ಕೆಲಸವನ್ನು ಇಲ್ಲಿ ಹೇಳಲೇಬೇಕು. ಬಿಲ್ಡರುಗಳನ್ನು ಹತೋಟಿಯಲ್ಲಿಡುವ 2016ರ ರೇರಾ ಕಾಯ್ದೆ. ಮಹಾರಾಷ್ಟ್ರದಲ್ಲಿ 2017ರ ಮೇ 1ರಿಂದ ಅದನ್ನು ನೋಡಿಕೊಳ್ಳುವ ಪ್ರಾಧಿಕಾರ ಮಹಾರೇರಾ ಶುರುವಾಯಿತು. ಅದಕ್ಕೆ ಮುಂಚೆ ಫ್ಲ್ಯಾಟ್ ಕೊಂಡವರಿಗೆ ನೆನಪಿರುತ್ತದೆ. ಸಾವಿರ ಚದರ ಅಡಿ ಅಂತ ದುಡ್ಡು ಕೊಟ್ಟು, ಒಳಗೆ ಹೋಗಿ ಟೇಪ್ ಹಿಡಿದರೆ ಆರುನೂರೈವತ್ತು. ಉಳಿದದ್ದು ಎಲ್ಲಿ ಅಂದರೆ ಮೆಟ್ಟಿಲು, ಲಿಫ್ಟ್, ಲಾಬಿ. ಸೂಪರ್ ಬಿಲ್ಟಪ್ ಅನ್ನುತ್ತಿದ್ದರು. ರೇರಾ ಬಂದ ಮೇಲೆ ಬಿಲ್ಡರ್ ಕಾರ್ಪೆಟ್ ಏರಿಯಾ ಹೇಳಲೇಬೇಕು. ಗೋಡೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ. ಕೊಂಡವರಿಂದ ಪಡೆದ ದುಡ್ಡಿನಲ್ಲಿ ಶೇಕಡಾ 70 ಬೇರೆ ಖಾತೆಯಲ್ಲಿ ಇಡಬೇಕು, ಆ ಯೋಜನೆಗೇ ಬಳಸಬೇಕು.

ಸಂಬಳದಲ್ಲೂ ಒಂದು ಸೂಪರ್ ಬಿಲ್ಟಪ್ ಇದೆ. ಅದರ ಹೆಸರು ಸಿಟಿಸಿ, ಕಾಸ್ಟ್ ಟು ಕಂಪನಿ, ಅಂದರೆ ನಿಮ್ಮ ಮೇಲೆ ಕಂಪನಿಗೆ ಆಗುವ ಒಟ್ಟು ಖರ್ಚು. ಆಫರ್ ಲೆಟರಿನಲ್ಲಿ ಆರು ಲಕ್ಷ. ಅದರಲ್ಲಿ ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ, ವಿಮೆ, ಬಂದರೆ ಬಂತು ಅನ್ನುವಂಥ ಇನ್ಸೆಂಟಿವ್ ಎಲ್ಲ ಸೇರಿದೆ. ನನ್ನ ವಿದ್ಯಾರ್ಥಿಗಳು ಆ ಆರು ಲಕ್ಷವನ್ನು ಹನ್ನೆರಡರಿಂದ ಭಾಗಿಸಿ, ಅದನ್ನು ನಂಬಿ ಮನೆಗೆ ಡಿಪಾಜಿಟ್ ಕೊಡುತ್ತಾರೆ. ಮೊದಲ ತಿಂಗಳ ಸಂಬಳ ಬಂದ ದಿನ ನನಗೆ ಫೋನ್ ಮಾಡುತ್ತಾರೆ. ಅಷ್ಟು ಹೊತ್ತಿಗೆ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಬಾಡಿಗೆ ಕರಾರಿಗೆ ಸಹಿ ಹಾಕಿ ಆಗಿರುತ್ತದೆ. ಮನೆಗೆ ಕಾರ್ಪೆಟ್ ಏರಿಯಾ ಹೇಳಿ ಅಂತ ಕಾನೂನು ಇದೆ ಎಂದಾದರೆ, ಕೈಗೆ ಬರುವ ಸಂಬಳವನ್ನು ಆಫರ್ ಲೆಟರಿನ ಮೊದಲ ಸಾಲಿನಲ್ಲೇ ಬರೆಯಿರಿ ಅಂತ ಕೇಳುವುದು ದೊಡ್ಡ ಬೇಡಿಕೆಯೇ?

ಬ್ರೋಕರ್ ಬಗ್ಗೆ ಒಂದೇ ಮಾತು. ಸ್ಟೀವನ್ ಲೆವಿಟ್ ಮತ್ತು ಚಾಡ್ ಸಿವರ್ಸನ್ ಶಿಕಾಗೋ ಕಡೆಯ ಸುಮಾರು ಒಂದು ಲಕ್ಷ ಮನೆ ಮಾರಾಟಗಳನ್ನು ನೋಡಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಒಂಬತ್ತೂವರೆ ದಿನ ಜಾಸ್ತಿ ಕಾಯುತ್ತಾರೆ. ಶೇಕಡಾ 3.7ರಷ್ಟು ಜಾಸ್ತಿ ಬೆಲೆ ಪಡೆಯುತ್ತಾರೆ. ಬೇರೆಯವರ ಮನೆಯಾದರೆ ಬೇಗ ಮುಗಿಸಲು ನೋಡುತ್ತಾರೆ. ಅವರ ಕಮಿಷನ್ ಹಾಗೆ ಕಟ್ಟಿದೆ, ಮನುಷ್ಯ ಕೆಟ್ಟವನು ಅಂತಲ್ಲ. ಕೆಲಸಕ್ಕೆ ಜನ ಕೊಡಿಸುವ ಏಜೆನ್ಸಿಗಳನ್ನೂ ಇದೇ ಕಣ್ಣಿನಿಂದ ನೋಡಿ.

2020ನ್ನು ನೆನಪಿಸಿಕೊಳ್ಳಿ. ಆ ವರ್ಷ ಎರಡು ಕಡಿತ ಒಟ್ಟಿಗೆ ಬಂದವು. ಸೆಪ್ಟೆಂಬರ್ 1ರಿಂದ ಮಹಾರಾಷ್ಟ್ರ ಸರಕಾರ ಸ್ಟ್ಯಾಂಪ್ ಡ್ಯೂಟಿ ಇಳಿಸಿತು. ಮುಂಬಯಿಯಲ್ಲಿ ಶೇಕಡಾ 5 ಇದ್ದದ್ದು ಡಿಸೆಂಬರ್ ಕೊನೆಯವರೆಗೆ 2, ಮಾರ್ಚ್‌ವರೆಗೆ 3. ಡಿಸೆಂಬರ್ ಒಂದೇ ತಿಂಗಳಲ್ಲಿ ಮುಂಬಯಿಯಲ್ಲಿ 19 ಸಾವಿರಕ್ಕೂ ಜಾಸ್ತಿ ನೋಂದಣಿ ಆದವು. ಕೊರೊನಾ ನಡುವೆ ಮಾಸ್ಕ್ ಹಾಕಿಕೊಂಡು ಜನ ರಿಜಿಸ್ಟ್ರಾರ್ ಆಫೀಸಿನ ಮುಂದೆ ನಿಂತಿದ್ದರು. ಕೈಯಲ್ಲಿ ಡೌನ್ ಪೇಮೆಂಟ್ ಇದ್ದು, ಸಂಬಳ ನಿಲ್ಲದೆ ಬರುತ್ತಿದ್ದವರು ಅವರು. ಅದೇ ತಿಂಗಳುಗಳಲ್ಲಿ ಎಷ್ಟೋ ಆಫೀಸುಗಳು ಸಂಬಳ ಕತ್ತರಿಸಿದವು. ನನ್ನ ಚಿಕ್ಕಮ್ಮನ ಮಗನಿಗೆ ರಾತ್ರಿ ಹನ್ನೊಂದಕ್ಕೆ ಒಂದು ಸಾಲಿನ ಮೇಲ್ ಬಂತು. ಈ ತಿಂಗಳಿಂದ ಶೇಕಡಾ 30 ಕಡಿಮೆ. ಯಾಕೆ, ಎಷ್ಟು ದಿನ, ಮೇಲಿನವರಿಗೂ ಕಡಿತ ಇದೆಯೇ, ಏನೂ ಇಲ್ಲ. ಅವನ ಗೃಹಸಾಲದ ಕಂತು ಮಾತ್ರ ಐದನೇ ತಾರೀಕಿಗೆ ನಿಂತಿತ್ತು.

ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಪ್ರತಿ ವರ್ಷ ಪಾಠ ಮಾಡುತ್ತೇನೆ. ಒಂದು ಕಂಪನಿಗೆ ಆರ್ಡರ್ ತಪ್ಪಿತು. ಎರಡು ಫ್ಯಾಕ್ಟರಿಗಳಲ್ಲಿ ಹತ್ತು ವಾರ ಶೇಕಡಾ 15 ಸಂಬಳ ಕಡಿತ ಮಾಡಿದರು. ಒಂದು ಕಡೆ ಕಂಪನಿಯ ಮುಖ್ಯಸ್ಥನೇ ಬಂದು ಒಂದೂವರೆ ಗಂಟೆ ಕೂತ. ಲೆಕ್ಕ ತೋರಿಸಿದ, ಕೇಳಿದ್ದಕ್ಕೆ ಉತ್ತರ ಕೊಟ್ಟ, ಬೇಸರವಾಗಿದೆ ಅಂತ ಹೇಳಿದ. ಇನ್ನೊಂದು ಕಡೆ ಹದಿನೈದು ನಿಮಿಷದಲ್ಲಿ ಹೇಳಿ ಮುಗಿಸಿದರು. ಆಮೇಲೆ ಎರಡೂ ಕಡೆ ಫ್ಯಾಕ್ಟರಿಯ ಸಾಮಾನು ಕಳವಾಗುವುದು ಜಾಸ್ತಿಯಾಯಿತು. ಆದರೆ ವಿವರಿಸಿ ಹೇಳಿದ ಕಡೆ ಅಷ್ಟಿಷ್ಟು, ಹೇಳದ ಕಡೆ ತುಂಬಾ. ಕೆಲಸ ಬಿಟ್ಟು ಹೋದವರೂ ಅಲ್ಲೇ ಜಾಸ್ತಿ. ಕತ್ತರಿಸಿದ್ದು ಎರಡೂ ಕಡೆ ಅಷ್ಟೇ ದುಡ್ಡು. ವ್ಯತ್ಯಾಸ ಎಪ್ಪತ್ತೈದು ನಿಮಿಷದ್ದು.

ಮುಂಬಯಿಯಲ್ಲಿ ಗೃಹಸಾಲ ಇರುವವನು ಹಾಗೆ ಕೆಲಸ ಬಿಡುವುದಿಲ್ಲ. ಕದಿಯುವುದೂ ಇಲ್ಲ. ಬಾಯಿ ಮುಚ್ಚಿ ಕೂರುತ್ತಾನೆ. ಅದನ್ನು ಕಂಪನಿಗಳು ನಿಷ್ಠೆ ಅಂತ ತಿಳಿಯುತ್ತವೆ. ನನ್ನ ಆ ಚಿಕ್ಕಮ್ಮನ ಮಗ ಒಂದೂವರೆ ವರ್ಷ ಹಾಗೆ ಕೂತ.

ಕೊನೆಯದಾಗಿ, ಮನೆಯೇ ಸಿಗದವರ ಮಾತು. ಸುಖದೇವ ಥೋರಾತ್ ಮತ್ತು ಪಾಲ್ ಅಟವೆಲ್ 2007ರಲ್ಲಿ ಖಾಸಗಿ ಕಂಪನಿಗಳಿಗೆ ಒಂದೇ ಅರ್ಹತೆಯ ಅರ್ಜಿಗಳನ್ನು ಬೇರೆ ಬೇರೆ ಹೆಸರಿನಲ್ಲಿ ಕಳಿಸಿ ನೋಡಿದ ಫಲಿತಾಂಶ ಪ್ರಕಟಿಸಿದರು. ದಲಿತ ಮತ್ತು ಮುಸ್ಲಿಂ ಹೆಸರುಗಳಿಗೆ ಕರೆ ಬರುವ ಸಾಧ್ಯತೆ ಕಡಿಮೆ ಇತ್ತು. ಅದೇ ಥೋರಾತ್ ಮತ್ತು ಜೊತೆಗಾರರು ಆಮೇಲೆ ದೆಹಲಿ ಸುತ್ತಮುತ್ತ ಬಾಡಿಗೆ ಮನೆ ಕೇಳಿ ಇದೇ ಥರ ಪರೀಕ್ಷೆ ಮಾಡಿದರು. ಅಲ್ಲೂ ಅದೇ ಹೆಸರುಗಳಿಗೆ ಬಾಗಿಲು ಮುಚ್ಚಿತು. ಈ ಎರಡನ್ನೂ ಬೇರೆ ಬೇರೆ ಅನ್ಯಾಯ ಅಂತ ನಾವು ಓದುತ್ತೇವೆ. ಹುಬ್ಬಳ್ಳಿಯಿಂದ, ಕಲಬುರಗಿಯಿಂದ ಮುಂಬಯಿಯ ಆಫೀಸುಗಳ ಬಡಾವಣೆ ಬಿಕೆಸಿಯಲ್ಲಿ (ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್) ಕೆಲಸ ಸಿಕ್ಕಿ ಬಂದ ಹುಡುಗನಿಗೆ ಅವು ಬೇರೆ ಅಲ್ಲ. ಸೊಸೈಟಿಯವರು ಎನ್‌ಒಸಿ, ಅಂದರೆ ಆಕ್ಷೇಪ ಇಲ್ಲ ಅನ್ನುವ ಪತ್ರ, ಕೊಡದೆ, ನಾಲ್ಕನೇ ಮನೆಯೂ ಕೈತಪ್ಪಿ, ಕೊನೆಗೆ ಪನ್ವೇಲಿಗೆ ಹೋದರೆ ಅವನಿಗೆ ದಿನವೂ ಲೇಟ್ ಮಾರ್ಕ್ ಬೀಳುತ್ತದೆ. ಅವನ ಹೆಸರು ನೋಡದೆ ಕೆಲಸ ಕೊಟ್ಟ ಆಫೀಸು, ಮನೆಯವರು ಹೆಸರು ನೋಡಿದ್ದಕ್ಕೆ ದಂಡ ಹಾಕುತ್ತದೆ. ನಮ್ಮ ಕನ್ನಡದವರ ಸೊಸೈಟಿಗಳಲ್ಲೂ ಇದು ನಡೆಯುತ್ತದೆ. ನಾನು ಕಣ್ಣಾರೆ ಕಂಡಿದ್ದೇನೆ, ಆ ಮೀಟಿಂಗಿನಲ್ಲಿ ಜಗಳವಾಡಿದ್ದೇನೆ.

ಇಲ್ಲಿ ಹೋಟೆಲು ನಡೆಸುವವರಿದ್ದೀರಿ, ಆಫೀಸಿನಲ್ಲಿ ಮೇಲಿನ ಕುರ್ಚಿಯಲ್ಲಿ ಇರುವವರಿದ್ದೀರಿ, ಸೊಸೈಟಿಯ ಸೆಕ್ರೆಟರಿಗಳಿದ್ದೀರಿ. ನಿಮ್ಮ ಹುಡುಗರು ಹೋಟೆಲಿನ ಮೇಲೆಯೇ ಮಲಗುವುದಾದರೆ, ಕೆಲಸ ಬಿಟ್ಟ ದಿನದಿಂದ ಒಂದು ತಿಂಗಳು ಆ ಜಾಗ ಅವರದ್ದು ಅಂತ ಕಾಗದದಲ್ಲಿ ಬರೆದುಕೊಡಿ. ಖರ್ಚು ಹೆಚ್ಚಿಲ್ಲ. ಲೇಟ್ ಮಾರ್ಕ್ ಹಾಕುವ ಮುಂಚೆ ಆ ದಿನ ಗಾಡಿ ಎಷ್ಟು ತಡವಾಗಿತ್ತು ಅಂತ ಫೋನಿನಲ್ಲಿ ನೋಡಿ, ಒಂದು ನಿಮಿಷ ಸಾಕು. ಮೀಟಿಂಗನ್ನು ಸಂಜೆ ಆರೂವರೆಗೆ ಇಡಬೇಡಿ. ಬಾಡಿಗೆದಾರರ ಮಗುವನ್ನು ಪಕ್ಕದ ಶಾಲೆಗೆ ಸೇರಿಸಿದ್ದಾರೆ ಅಂತ ಗೊತ್ತಾದ ವರ್ಷವೇ ಬಾಡಿಗೆ ಜಾಸ್ತಿ ಕೇಳಬೇಡಿ. ಮೊದಲ ಪ್ರಶ್ನೆಗೆ ಕೈ ಎತ್ತದ ನಿಮಗೆಲ್ಲ ಇದು ಸರಿಯಲ್ಲ ಅಂತ ಮೊದಲೇ ಗೊತ್ತು.

ಈಗ ನಿಮ್ಮ ಪ್ರಶ್ನೆಗಳು. ಅರ್ಧ ಗಂಟೆ ಇದೆ. ಕಲ್ಯಾಣದ ಆಚೆ, ವಸಾಯಿಯ ಆಚೆ ಹೋಗಬೇಕಾದವರು ಮೊದಲು ಕೇಳಿ. ಮಾಟುಂಗ, ಸಯನ್‌ನವರು ಸ್ವಲ್ಪ ತಡೆಯಿರಿ.